ಪತ್ರಿಕೋದ್ಯಮದ ಜೊತೆ ಅರ್ಥಶಾಸ್ತ್ರವೂ ಸಿಗಲಿ

ಮಾನ್ಯ ಸಂಪಾದಕರೇ,

ನಾನು ದಾವಣಗೆರೆಯಲ್ಲಿ ಬಿ.ಎ. ಎರಡನೇ ವರ್ಷ ಓದುತ್ತಿದ್ದೇನೆ. ನನ್ನ ಕಾಂಬಿನೇಷನ್ ಪತ್ರಿಕೋದ್ಯಮ, ರಾಜ್ಯಶಾಸ್ತ್ರ, ಐಚ್ಛಿಕ ಕನ್ನಡ. ಸೇರುವಾಗ ಕನ್ನಡದ ಬದಲು ಅರ್ಥಶಾಸ್ತ್ರ ಕೇಳಿದ್ದೆ. ‘ಆ ಕಾಂಬಿನೇಷನ್ ನಮ್ಮಲ್ಲಿ ಇಲ್ಲಮ್ಮ’ ಎಂದರು. ಅರ್ಥಶಾಸ್ತ್ರ ವಿಭಾಗ ಇದೆ, ಮೇಷ್ಟ್ರು ಇದ್ದಾರೆ, ಬೆಂಚುಗಳೂ ಖಾಲಿ ಇವೆ. ಆದರೆ ಟೈಮ್‌ಟೇಬಲ್‌ನಲ್ಲಿ ಪತ್ರಿಕೋದ್ಯಮ, ಅರ್ಥಶಾಸ್ತ್ರ ಎರಡೂ ತರಗತಿ ಒಂದೇ ಹೊತ್ತಿಗೆ ಬರುತ್ತವೆ, ಅಷ್ಟೇ.

ಕನ್ನಡದ ಮೇಲೆ ನನಗೇನೂ ಸಿಟ್ಟಿಲ್ಲ, ಹಳಗನ್ನಡ ಓದುವುದು ಇಷ್ಟವೇ. ಆದರೆ 2025ರ ನವೆಂಬರ್‌ನಲ್ಲಿ ನಾವು ವಿದ್ಯಾರ್ಥಿಗಳೇ ತರುವ ಪ್ರಾಯೋಗಿಕ ಪತ್ರಿಕೆಗೆ ಮೆಕ್ಕೆಜೋಳದ ವರದಿ ಮಾಡಲು ಎಪಿಎಂಸಿಗೆ ಹೋಗಿದ್ದೆ. ಆಗ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ ಇತ್ತು. ರೈತರಿಗೆ ಸಿಗುತ್ತಿದ್ದದ್ದು ಅದಕ್ಕಿಂತ ಕಡಿಮೆ. ಧಾರಣೆ ಪಟ್ಟಿಯಲ್ಲಿ ಕನಿಷ್ಠ, ಗರಿಷ್ಠ, ಮಾದರಿ ಅಂತ ಮೂರು ದರ ಇರುತ್ತವೆ. ಹೆಚ್ಚು ಮಾಲು ಯಾವ ದರಕ್ಕೆ ಹೋಯಿತೋ ಅದು ಮಾದರಿ ದರ, ಸರಾಸರಿ ಅಲ್ಲ. ಇದನ್ನು ಹೇಳಿಕೊಟ್ಟವರು ಮಂಡಿಯ ಗುಮಾಸ್ತರು. ಖರೀದಿ ಕೇಂದ್ರ ತೆರೆಯದೆ ಬರೀ ಬೆಲೆ ಘೋಷಿಸಿದರೆ ಏನಾಗುತ್ತದೆ ಅನ್ನುವುದನ್ನೂ ಅವರೇ ಬಿಡಿಸಿ ಹೇಳಿದರು, ಒಂದು ಕೈಯಲ್ಲಿ ಚೀಟಿ ಬರೆಯುತ್ತಲೇ!

ಇನ್ನೊಂದು ನೋಡಿ. ಎಸ್ಸೆಸ್ಸೆಲ್ಸಿ ಫಲಿತಾಂಶ 2023ರಲ್ಲಿ ಶೇ 83.89 ಇತ್ತು, 2024ರಲ್ಲಿ ಶೇ 73.40ಕ್ಕೆ ಬಂತು. ಇದು ಶೇ 10ರಷ್ಟು ಕುಸಿತವೇ? ಹಿಂದಿನ ವರ್ಷದ 83.89ಕ್ಕೆ ಹೋಲಿಸಿ ಲೆಕ್ಕ ಹಾಕಿದರೆ ಶೇ 12 ದಾಟುತ್ತದೆ. ತಲೆಬರಹ ಹೇಗಿರಬೇಕು ಅಂತ ನಮ್ಮ ತರಗತಿಯಲ್ಲಿ ದೊಡ್ಡ ಜಗಳವೇ ಆಯಿತು, ತೀರ್ಮಾನ ಆಗಲಿಲ್ಲ.

‘ಬೇಕಿದ್ದರೆ ಹೊರಗೆ ಕಲಿ’ ಎನ್ನುತ್ತಾರೆ. ಯಾವಾಗ? ಬೆಳಿಗ್ಗೆ ಪಾಠ, ಮಧ್ಯಾಹ್ನ ಲ್ಯಾಬ್‌ನಲ್ಲಿ ಪುಟವಿನ್ಯಾಸ. ಹಾಜರಾತಿ ಶೇ 75 ಇರಲೇಬೇಕು. ಇಂಟರ್ನಲ್ ಟೆಸ್ಟು, ಅಸೈನ್‌ಮೆಂಟು ಎಲ್ಲ ಒಂದೇ ವಾರ ಬಂದು ಬೀಳುತ್ತವೆ. ಸಂಜೆ ಹರಿಹರದ ಬಸ್ಸಲ್ಲಿ ನಿಂತುಕೊಂಡು ಏನು ಕಲಿಯುವುದು?

ಹೊಸ ಹುದ್ದೆ, ಹೊಸ ಕಟ್ಟಡ ಏನೂ ಬೇಡ. ಈ ಸಲ ಪ್ರವೇಶ ಶುರುವಾಗುವ ಮುಂಚೆ ಎರಡೂ ವಿಭಾಗದವರು ಕೂತು ಟೈಮ್‌ಟೇಬಲ್ ಹೊಂದಿಸಿದರೆ ಸಾಕು. ನನಗಂತೂ ತಡವಾಯಿತು. ತಂಗಿ ಪಿಯುಸಿಯಲ್ಲಿದ್ದಾಳೆ, ಅವಳಿಗೂ ಪತ್ರಿಕೋದ್ಯಮವೇ ಬೇಕಂತೆ.

ನಿಮ್ಮಲ್ಲೂ ಒಂದು ಕೋರಿಕೆ. ಪತ್ರಿಕೆಗಳು ಕೆಲಸಕ್ಕೆ ತೆಗೆದುಕೊಳ್ಳುವಾಗ ಅನುವಾದ ಮಾಡಿಸಿ ನೋಡುತ್ತವೆ. ಜೊತೆಗೆ ಬಜೆಟ್‌ನ ಒಂದು ಪುಟ ಕೊಟ್ಟು ಸುದ್ದಿ ಬರೆಸಿ ನೋಡಿ. ಆಗ ಕಾಲೇಜುಗಳ ಟೈಮ್‌ಟೇಬಲ್ ತಾನಾಗಿಯೇ ಬದಲಾದೀತು.

– ಪತ್ರಿಕೋದ್ಯಮ ವಿದ್ಯಾರ್ಥಿನಿ, ಹರಿಹರ