ಹೂವಿನವಳು ಎಲ್ಲಿ ಹೋದಳು?

ಪ್ರೀತಿಯ ತಮ್ಮಾ,

ನಾಳಿನ ಬೆಂಗಳೂರಿನ ಬಗ್ಗೆ ನೀನು ಬರೆದ ಲೇಖನದ ಹಸ್ತಪ್ರತಿ ಎರಡು ಸಲ ಓದಿದೆ. ಮೂರು ಕಡೆಯಿಂದ ವಾಪಸ್ ಬಂತು, ಇನ್ನು ಬರೆಯೋದೇ ಬಿಡ್ತೀನಿ ಅಂತ ಕೊನೆಗೆ ಬರೆದಿದ್ದೀಯಲ್ಲ, ಬೇಜಾರಾಯಿತು. ಲೇಖನ ಎಷ್ಟುದ್ದ ಇರಬೇಕು, ನಕ್ಷೆ ಎಷ್ಟು ಹಾಕಬೇಕು ಅಂತೆಲ್ಲ ಕೇಳಿದ್ದೀಯ. ಅದು ಬರೆಯುತ್ತಾ ಬರೆಯುತ್ತಾ ತಾನಾಗೇ ಬರುತ್ತದೆ, ಬಿಡು.

ನಾನು ಈ ಕಾಗದ ಬರೆಯಲು ಕೂತಿದ್ದು ಹನ್ನೊಂದನೇ ಪುಟದ ನಾಲ್ಕು ಸಾಲಿಗಾಗಿ. ಮೆಜೆಸ್ಟಿಕ್‌ನ ಮೆಟ್ಟಿಲ ಪಕ್ಕ ಹೂವಿನವಳು ಕೂತಿದ್ದಾಳೆ. ಮೊಳ ಅಳೆದು, ಗಿರಾಕಿಯ ಮುಖ ನೋಡಿ, ಒಂದು ಗೇಣು ಜಾಸ್ತಿ ಬಿಟ್ಟು ಕತ್ತರಿಸುತ್ತಾಳೆ. ಎಷ್ಟು ಚೆನ್ನಾಗಿ ನೋಡಿದ್ದೀಯ! ಪುಟ ತಿರುಗಿಸಿದರೆ 2075ನೇ ಇಸವಿ. ಗಾಜಿನ ಗೋಪುರಗಳು, ನಡುವೆ ತೂಗುಸೇತುವೆ, ತಾರಸಿ ಮೇಲೆ ತೋಟ. ಹೂವಿನವಳೇ ಇಲ್ಲ. ಅಲ್ಲಪ್ಪಾ, ಎಲ್ಲಿ ಹೋದಳು ಅವಳು?

‘ಖಾಲಿ ಜಾಗ ಇದ್ದರೆ ಏನೆಲ್ಲ ಕಟ್ಟಬಹುದು’ ಅಂತ ಬರೆದಿದ್ದೀಯ. ನನ್ನ ಸಿಟ್ಟೆಲ್ಲ ಆ ಮಾತಿನ ಮೇಲೆ. ಖಾಲಿ ಜಾಗ ಅನ್ನೋದು ನಕ್ಷೆಯಲ್ಲಿ ಮಾತ್ರ ಇರುತ್ತದೆ. ನೀನು ಮೆಚ್ಚಿಕೊಂಡಿರುವ ವಾಸ್ತುಶಿಲ್ಪಿ ಲೆ ಕಾರ್ಬುಸಿಯೇ 1925ರಲ್ಲಿ ಪ್ಯಾರಿಸ್ಸಿನ ನಡುಮಧ್ಯೆ 18 ಗೋಪುರಗಳ ಯೋಜನೆ ಮುಂದಿಟ್ಟ. ಅದನ್ನು ಯಾರೂ ಕಟ್ಟಲಿಲ್ಲ, ಸದ್ಯ. ಜನ ಬದುಕುತ್ತಿದ್ದ ಹಳೇ ಬೀದಿಗಳನ್ನು ಒರೆಸಿದ ಮೇಲೇ ಆ ಗೋಪುರಗಳಿಗೆ ಜಾಗ ಸಿಗುತ್ತಿತ್ತು.

ನೀನು ಗೋಪುರ ನಿಲ್ಲಿಸಿರುವ ಕಡೆ ಧರ್ಮಾಂಬುಧಿ ಕೆರೆ ಇತ್ತು. ಪೇಟೆಗೆ ಅದೇ ನೀರು. 1896ರಲ್ಲಿ ಹೆಸರಘಟ್ಟದಿಂದ ಕೊಳವೆ ನೀರು ಬಂತು, ಕೆರೆಯ ಕಡೆ ನೋಡುವವರು ಕಡಿಮೆಯಾದರು. ಒಣಗಿತು, ಮೈದಾನವಾಯಿತು, ಆಮೇಲೆ ಬಸ್‌ಸ್ಟ್ಯಾಂಡ್ ಆಯಿತು. ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣ ಬಂತು. ಪಕ್ಕದಲ್ಲಿ ಒಂದು ಪುಟ್ಟ ಕೊಳ ಉಳಿದಿದೆ. ಕರಗದ ಪೂಜೆಗೆ ಇವತ್ತಿಗೂ ಅಲ್ಲಿಗೆ ಹೋಗುತ್ತಾರೆ. ನಾವೀಗ ಕಾವೇರಿ ನೀರನ್ನು ಸುಮಾರು 100 ಕಿ.ಮೀ. ದೂರದಿಂದ, ಹತ್ತಿರ ಹತ್ತಿರ ಅರ್ಧ ಕಿ.ಮೀ. ಎತ್ತರಕ್ಕೆ ಪಂಪ್ ಮಾಡಿ ಕುಡಿಯುತ್ತಿದ್ದೇವೆ. ನಿನ್ನ ತಾರಸಿ ತೋಟಕ್ಕೆ ನೀರು ಎಲ್ಲಿಂದ? ಒಂದು ಸಾಲೂ ಇಲ್ಲ.

ಗದರಿಸುತ್ತಿದ್ದೇನೆ ಅಂದುಕೊಳ್ಳಬೇಡ. ನಾನೂ ಇದೇ ತಪ್ಪು ಮಾಡಿದವನು. ನಿನ್ನ ವಯಸ್ಸಿನಲ್ಲಿ ಒಂದು ಹೊಸ ಬಡಾವಣೆಯ ನಕ್ಷೆ ನೋಡಿ, ಮೇಜಿನ ಮುಂದೆಯೇ ಕೂತು, ಬಾಯಿ ತುಂಬ ಹೊಗಳಿ ಬರೆದೆ. ಜಾಗಕ್ಕೆ ಹೋಗಲಿಲ್ಲ. ಅದು ಮಳೆನೀರು ಕೆರೆಗೆ ಇಳಿಯುವ ದಾರಿ. ವರ್ಷಗಳಾದ ಮೇಲೆ, ಒಂದು ದೊಡ್ಡ ಮಳೆಯ ಮಾರನೇ ದಿನ ಹೋದೆ. ಒಬ್ಬ ತಾಯಿ ಮಗುವಿನ ಪಠ್ಯಪುಸ್ತಕದ ಹಾಳೆ ಒಂದೊಂದಾಗಿ ಬಿಡಿಸಿ, ಅದರ ಮೇಲೆ ಇಸ್ತ್ರಿ ಪೆಟ್ಟಿಗೆ ಇಟ್ಟು ಒಣಗಿಸುತ್ತಿದ್ದರು. ಗೋಡೆ ಮೇಲೆ ಸೊಂಟದೆತ್ತರಕ್ಕೆ ಕೆಸರಿನ ಗೆರೆ. ‘ಇಲ್ಲಿ ನೀರು ಬರುತ್ತೆ ಅಂತ ಯಾರೂ ಹೇಳಲಿಲ್ಲ ಸಾರ್’ ಅಂದರು. ಆ ಲೇಖನ ಬರೆದವನು ನಾನೇ ಅಂತ ಹೇಳಲು ನನಗೆ ಬಾಯಿ ಬರಲಿಲ್ಲ. ಇವತ್ತಿಗೂ ಅದು ಕೊರೆಯುತ್ತದೆ.

ಮುಂದಿನ ಜೋರು ಮಳೆಗೆ ಛತ್ರಿ ಹಿಡಿದು ಮೆಜೆಸ್ಟಿಕ್‌ಗೆ ಹೋಗು. ನೀರು ಎಲ್ಲಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ ನೋಡು. ಹೂವಿನವಳು ಬುಟ್ಟಿ ಎತ್ತಿಕೊಂಡು ಎಲ್ಲಿಗೆ ಓಡುತ್ತಾಳೆ ನೋಡು. ಆಮೇಲೆ ಹನ್ನೆರಡನೇ ಪುಟ ಹರಿದುಹಾಕಿ ಹೊಸದಾಗಿ ಬರೆ. ಗೋಪುರ ಬೇಕಾದರೆ ಇರಲಿ, ಅವಳೂ ಇರಲಿ. ಬರೆದ ಮೇಲೆ ಮೊದಲು ನನಗೇ ಕಳಿಸು.