ಚಿಟಿಕೆ ಉಪ್ಪು, ಹಿಡಿ ಬೆಲ್ಲ: ನಾವೀನ್ಯದ ಪಟ್ಟಿಯಲ್ಲಿ ಕಾಣದ ನೆರೆಮನೆ

ಮಾನ್ಯ ಸಂಪಾದಕರೇ,

ಜಾಗತಿಕ ನಾವೀನ್ಯ ಸೂಚ್ಯಂಕದ ಪಟ್ಟಿ ಹೊರಬಿದ್ದಾಗಲೆಲ್ಲ ಪತ್ರಿಕೆಗಳಲ್ಲಿ ಒಂದೇ ಧಾಟಿಯ ಸುದ್ದಿ ಬರುತ್ತದೆ. 2024ರ ಪಟ್ಟಿಯಲ್ಲಿ ಭಾರತ 39ನೇ ಸ್ಥಾನ, ಬಾಂಗ್ಲಾದೇಶ 106ನೇ ಸ್ಥಾನ. ಅಕ್ಕಪಕ್ಕದವರನ್ನು ನಾವು ಎಷ್ಟು ಹಿಂದೆ ಹಾಕಿದ್ದೇವೆ ನೋಡಿ ಎಂಬ ಹೆಮ್ಮೆ. ಪೇಟೆಂಟ್, ಸಂಶೋಧನೆಯ ಖರ್ಚು, ಬಂಡವಾಳ, ರಫ್ತು ಇವನ್ನೆಲ್ಲ ಕೂಡಿಸಿ ಹಾಕುವ ಲೆಕ್ಕ ಅದು. ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಈ ಎರಡು ದೇಶಗಳು ಸೇರಿ ಜಗತ್ತಿಗೆ ಕೊಟ್ಟ ಅತಿ ದೊಡ್ಡ ವಸ್ತುವಿಗೆ ಆ ತಕ್ಕಡಿಯಲ್ಲಿ ಜಾಗವೇ ಇಲ್ಲ. ಅದೇ, ಭೇದಿಯಾದವರಿಗೆ ಕುಡಿಸುವ ಉಪ್ಪು, ಸಕ್ಕರೆ ಮತ್ತು ನೀರು. ನಾವು ಓಆರ್‌ಎಸ್ ಎನ್ನುತ್ತೇವೆ, ಗಡಿಯಾಚೆ ‘ಖಾಬಾರ್ ಸ್ಯಾಲೈನ್’ ಎನ್ನುತ್ತಾರೆ, ಅಂದರೆ ಬಾಯಿಗೆ ಕೊಡುವ ಸಲೈನ್. ‘ಬಾಟಲಿ ಏರಿಸಿ ಡಾಕ್ಟ್ರೇ’ ಎಂದು ಕೇಳುವ ಜನರ ಮುಂದೆ ಈ ಹೆಸರೇ ಅರ್ಧ ಕೆಲಸ ಮಾಡುತ್ತದೆ. ‘ಓಆರ್‌ಎಸ್’ ಎಂಬ ಮೂರಕ್ಷರ ಹಳ್ಳಿಯ ತಾಯಿಗೆ ಏನನ್ನೂ ಹೇಳುವುದಿಲ್ಲ.

ಇದನ್ನು ಯಾರು ಮೊದಲು ಕಂಡುಹಿಡಿದರು ಎಂಬ ಜಗಳಕ್ಕೆ ಎರಡೂ ಕಡೆ ಸಾಕಷ್ಟು ಸರಕಿದೆ. 1953ರಲ್ಲಿ ಕಲ್ಕತ್ತೆಯ ಹೇಮೇಂದ್ರನಾಥ ಚಟರ್ಜಿ 186 ಕಾಲರಾ ರೋಗಿಗಳಿಗೆ ಉಪ್ಪು ಮತ್ತು ಗ್ಲೂಕೋಸ್ ಬೆರೆಸಿದ ನೀರು ಕುಡಿಸಿ ಗುಣಪಡಿಸಿದ್ದನ್ನು ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು, ಯಾರೂ ಗಮನಿಸಲಿಲ್ಲ. 1959ರಲ್ಲಿ ಅದೇ ಊರಿನ ಶಂಭುನಾಥ ಡೇ ಕಾಲರಾದ ವಿಷವಸ್ತು ಕರುಳಿನೊಳಗೇ ಕೆಲಸ ಮಾಡುತ್ತದೆಂದು ತೋರಿಸಿದರು. 1968ರಲ್ಲಿ ಆಗಿನ್ನೂ ಪೂರ್ವ ಪಾಕಿಸ್ತಾನವಾಗಿದ್ದ ಢಾಕಾದ ಕಾಲರಾ ಪ್ರಯೋಗಾಲಯದಲ್ಲಿ ಡೇವಿಡ್ ನಾಲಿನ್ ಮತ್ತು ರಿಚರ್ಡ್ ಕ್ಯಾಶ್ ಒಂದು ಕ್ರಮ ಗೊತ್ತುಮಾಡಿದರು: ರೋಗಿ ಎಷ್ಟು ದ್ರವ ಕಳೆದುಕೊಳ್ಳುತ್ತಾನೋ ಅಳೆದು, ಅಷ್ಟನ್ನೂ ಬಾಯಿಯ ಮೂಲಕ ಹಿಂತಿರುಗಿಸುವುದು. ರಕ್ತನಾಳಕ್ಕೆ ಕೊಡುವ ಸಲೈನ್ ಇದರಿಂದ ಐದರಲ್ಲಿ ನಾಲ್ಕು ಪಾಲು ಉಳಿತಾಯವಾಯಿತು. 1971ರ ಯುದ್ಧದಲ್ಲಿ ಗಡಿ ದಾಟಿ ಬಂದ ನಿರಾಶ್ರಿತರಿಗೆ ಪಶ್ಚಿಮ ಬಂಗಾಳದ ಬನಗಾಂವ್ ಆಸ್ಪತ್ರೆಯಲ್ಲಿದ್ದದ್ದು ಎರಡು ಕೋಣೆ, ಹದಿನಾರು ಹಾಸಿಗೆ. ಸಲೈನ್ ಮುಗಿದಾಗ ಅಲ್ಲಿನ ವೈದ್ಯ ದಿಲೀಪ್ ಮಹಲನಬೀಸ್ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಅಡುಗೆ ಉಪ್ಪು, 2.5 ಗ್ರಾಂ ಅಡುಗೆ ಸೋಡಾ ಅಳೆದು ಪ್ಲಾಸ್ಟಿಕ್ ಪೊಟ್ಟಣ ಕಟ್ಟಿಸಿ, ಲೀಟರ್ ನೀರಿಗೆ ಒಂದರಂತೆ ಕಲಸಿಸಿ, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ನೂರಕ್ಕೆ ಮೂವತ್ತರ ಸಮೀಪ ಇದ್ದ ಸಾವು 3.6ಕ್ಕೆ ಇಳಿಯಿತು.

ಅಲ್ಲಿಗೆ ಶೋಧ ಮುಗಿಯಿತು ಎಂದುಕೊಳ್ಳುವುದು ನಮ್ಮ ಚಾಳಿ. 2005-06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭೇದಿಯಾದ ನೂರು ಭಾರತೀಯ ಮಕ್ಕಳಲ್ಲಿ ಓಆರ್‌ಎಸ್ ಸಿಕ್ಕಿದ್ದು 26 ಮಕ್ಕಳಿಗೆ. ಬಾಂಗ್ಲಾದೇಶದಲ್ಲಿ ಅದೇ ಹೊತ್ತಿಗೆ ನಾಲ್ಕರಲ್ಲಿ ಮೂರು ಮಕ್ಕಳಿಗೆ ಸಿಗುತ್ತಿತ್ತು. ನಮ್ಮದು 2019-21ರಲ್ಲಿ 60.6 ಆಯಿತು, ಅವರು ಹದಿನೈದು ವರ್ಷ ಮೊದಲೇ ಇದ್ದ ಜಾಗವನ್ನು ನಾವಿನ್ನೂ ಮುಟ್ಟಿಲ್ಲ. ಔಷಧಿ ಕಾರ್ಖಾನೆಗಳು ನಮ್ಮಲ್ಲೇ ಹೆಚ್ಚು, ವೈದ್ಯಕೀಯ ಕಾಲೇಜುಗಳೂ ನಮ್ಮಲ್ಲೇ ಹೆಚ್ಚು. ಹಾಗಾದರೆ ಅವರು ಮಾಡಿದ ಹೊಸತೇನು?

ಅವರು ಹೊಸದಾಗಿ ಕಂಡುಕೊಂಡದ್ದು ಪುಡಿಯನ್ನಲ್ಲ, ಕಲಿಸುವ ಬಗೆಯನ್ನು. 1980ರಲ್ಲಿ ಅಲ್ಲಿನ ಬ್ರ್ಯಾಕ್ ಎಂಬ ಸ್ವಯಂಸೇವಾ ಸಂಸ್ಥೆ ಮನೆಮನೆಗೆ ಹೆಂಗಸರನ್ನು ಕಳಿಸಿತು. ಆಗ ಹಳ್ಳಿಗಳಿಗೆ ಪೊಟ್ಟಣ ತಲುಪಿಸುವ ವ್ಯವಸ್ಥೆ ಇರಲಿಲ್ಲ, ಅಕ್ಷರ ಬಲ್ಲ ತಾಯಂದಿರು ಕಡಿಮೆ, ಮನೆಯಲ್ಲಿ ಚಮಚವೂ ಇರುತ್ತಿರಲಿಲ್ಲ. ಹಾಗಾಗಿ ಅಳತೆಯನ್ನು ಕೈಯಲ್ಲೇ ಇಟ್ಟರು: ಮೂರು ಬೆರಳಿನ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು. (ಸೇರು ಎಂದೊಡನೆ ನಮ್ಮ ಅಕ್ಕಿ ಅಳೆಯುವ ಸೇರನ್ನು ನೆನೆಯಬೇಡಿ. ಬಂಗಾಳದ ಸೇರು ತೂಕದ್ದು, ಸುಮಾರು 930 ಗ್ರಾಂ. ಅರ್ಧ ಸೇರು ಅಂದರೆ ಅರ್ಧ ಲೀಟರಿಗೆ ತುಸು ಕಡಿಮೆ.) ಸಕ್ಕರೆಯ ಬದಲು ಬೆಲ್ಲ ಏಕೆಂದರೆ ಅದು ಪ್ರತಿ ಮನೆಯಲ್ಲೂ ಇತ್ತು, ಜತೆಗೆ ಭೇದಿಯಲ್ಲಿ ದೇಹ ಕಳೆದುಕೊಳ್ಳುವ ಪೊಟ್ಯಾಸಿಯಂ ಕೂಡ ಬೆಲ್ಲದಲ್ಲಿ ಒಂದಿಷ್ಟು ಇದೆ. ಚಿಟಿಕೆ ದೊಡ್ಡದಾದರೆ ಮಗುವಿನ ರಕ್ತದಲ್ಲಿ ಸೋಡಿಯಂ ಏರಿ ಫಿಟ್ಸ್ ಬರಬಹುದೆಂಬ ಭಯ ವೈದ್ಯರಿಗಿತ್ತು, ಇರಲೇಬೇಕಿತ್ತು. ಅದಕ್ಕೇ ತಾಯಂದಿರು ಕಲಸಿದ ನೀರನ್ನು ತಂದು ಪ್ರಯೋಗಾಲಯದಲ್ಲಿ ಅಳೆದು ನೋಡುತ್ತಿದ್ದರು.

ನಿಜವಾದ ಜಾಣ್ಮೆ ಇದ್ದದ್ದು ಸಂಬಳದ ಲೆಕ್ಕದಲ್ಲಿ. ಕಾರ್ಯಕರ್ತೆ ಎಷ್ಟು ಮನೆಗೆ ಹೋದಳು ಎಂಬುದರ ಮೇಲೆ ಹಣವಿಲ್ಲ. ಒಂದು ತಿಂಗಳಾದ ಮೇಲೆ ಬೇರೊಬ್ಬ ಪರಿವೀಕ್ಷಕ ನೂರರಲ್ಲಿ ಐದರಿಂದ ಹತ್ತು ಮನೆಗಳನ್ನು ತಾನೇ ಆರಿಸಿಕೊಂಡು ಹೋಗಿ, ‘ನೀರು ಕಲಸಿ ತೋರಿಸಮ್ಮ’ ಎನ್ನುತ್ತಿದ್ದ. ನೆನಪಿಡಬೇಕಾದ ಏಳು ಅಂಶಗಳನ್ನು ಕೇಳುತ್ತಿದ್ದ. ತಾಯಿಯ ಉತ್ತರಕ್ಕೆ ದರ್ಜೆ, ಆ ದರ್ಜೆಯಂತೆ ಕಾರ್ಯಕರ್ತೆಗೆ ಕೂಲಿ. ತಾಯಿ ಮರೆತಿದ್ದರೆ ಕಲಿಸಿದವಳಿಗೆ ನಷ್ಟ. ಈ ಒಂದು ನಿಯಮದಿಂದ ಪಾಠದ ರೀತಿಯೇ ಬದಲಾಯಿತು. ಭಾಷಣ ಹೋಗಿ, ಕೈಹಿಡಿದು ಮಾಡಿಸುವುದು ಬಂತು.

ಆದರೂ ಮೊದಮೊದಲು ಸೋತರು. ತಾಯಂದಿರಿಗೆ ಎಲ್ಲ ನೆನಪಿದೆ, ಮಗುವಿಗೆ ಭೇದಿಯಾದಾಗ ಮಾತ್ರ ಯಾರೂ ಕೊಡುತ್ತಿಲ್ಲ. ಕಾರಣ ಹುಡುಕುತ್ತ ಹೋದಾಗ ಸಿಕ್ಕ ಉತ್ತರ ಮುಜುಗರದ್ದು: ಕಲಿಸುವವರೇ ತಮಗೆ ಭೇದಿಯಾದರೆ ಈ ನೀರು ಕುಡಿಯುತ್ತಿರಲಿಲ್ಲ, ಅವರಿಗೇ ನಂಬಿಕೆ ಇರಲಿಲ್ಲ. ಅವರನ್ನು ಕಾಲರಾ ಆಸ್ಪತ್ರೆಗೆ ಕರೆದೊಯ್ದು, ನೀರು ಕುಡಿದೇ ಎದ್ದು ಕೂರುವ ರೋಗಿಗಳನ್ನು ತೋರಿಸಬೇಕಾಯಿತು. ತಾಯಂದಿರ ಎದುರಿಗೆ ಮೊದಲ ಗುಟುಕು ತಾವೇ ಕುಡಿಯಬೇಕೆಂಬ ನಿಯಮ ಬಂತು. ಮನೆಯ ಗಂಡಸರನ್ನು ಬಿಟ್ಟದ್ದು ಇನ್ನೊಂದು ತಪ್ಪು. ವೈದ್ಯರ ಬಳಿ ಹೋಗಬೇಕೋ ಬೇಡವೋ ಎಂದು ತೀರ್ಮಾನಿಸುವವನು ಅವನು. ಅವನಿಗೆ ಬಜಾರಿನಲ್ಲಿ, ಮಸೀದಿಯಲ್ಲಿ ಬೇರೆಯಾಗಿ ಹೇಳಬೇಕಾಯಿತು. ಹತ್ತು ವರ್ಷದಲ್ಲಿ ಒಂದು ಕೋಟಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಮನೆಗಳಿಗೆ ಹೋದರು. ಆಮೇಲೆ ಪೊಟ್ಟಣ ಅಂಗಡಿ ಅಂಗಡಿಗೂ ಬಂದಾಗ ಕೊಳ್ಳುವವರು ಆಗಲೇ ತಯಾರಿದ್ದರು.

ನಮ್ಮಲ್ಲಿ ಏನಾಗುತ್ತಿದೆ ಎಂಬುದಕ್ಕೆ ಕರ್ನಾಟಕದ್ದೇ ಸಾಕ್ಷಿಯಿದೆ. ಕರ್ನಾಟಕ ಮತ್ತು ಬಿಹಾರದ 253 ಪಟ್ಟಣಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಖಾಸಗಿ ಚಿಕಿತ್ಸಕರ ಬಳಿಗೆ ಮಗುವಿನ ತಂದೆಯಂತೆ ನಟಿಸುವವರನ್ನು ಕಳಿಸಿ ನಡೆಸಿದ ಅಧ್ಯಯನ 2024ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಚಿಕಿತ್ಸಕರು ಓಆರ್‌ಎಸ್ ಬರೆಯದಿರುವುದಕ್ಕೆ ದಾಸ್ತಾನು ಇಲ್ಲದಿರುವುದು ನೂರಕ್ಕೆ 6ರಷ್ಟು ಕಾರಣ, ಬೇರೆ ಔಷಧಿಯಲ್ಲಿ ಸಿಗುವ ಲಾಭ 5ರಷ್ಟು. ‘ಇವರಿಗೆ ಇದು ಬೇಕಾಗಿಲ್ಲ’ ಎಂಬ ಚಿಕಿತ್ಸಕರ ಊಹೆಯೇ 42ರಷ್ಟು! ಬಂದವರು ತಾವಾಗಿ ಓಆರ್‌ಎಸ್ ಹೆಸರೆತ್ತಿದಾಗ ಬರೆದುಕೊಡುವ ಪ್ರಮಾಣ 27 ಅಂಶ ಏರಿತು. ಅಂದರೆ ಡಾಕ್ಟರಿಗೂ ಗೊತ್ತು, ಅಂಗಡಿಯಲ್ಲೂ ಇದೆ. ಕೇಳುವವರಿಲ್ಲ, ಆದ್ದರಿಂದ ಕೊಡುವವರಿಲ್ಲ. ಬ್ರ್ಯಾಕ್ ನಲವತ್ತು ವರ್ಷದ ಹಿಂದೆ ಕಟ್ಟಿದ್ದು ಈ ‘ಕೇಳುವ’ ಅಭ್ಯಾಸವನ್ನೇ.

ಕೇಳದಿರಲು ಕಾರಣವೂ ಇದೆ. ಓಆರ್‌ಎಸ್ ಭೇದಿ ನಿಲ್ಲಿಸುವುದಿಲ್ಲ. ಮಗು ಇನ್ನೂ ನಾಲ್ಕು ಸಲ ಹೋಗುತ್ತದೆ, ‘ಇದರಿಂದ ಏನೂ ಆಗಲಿಲ್ಲ’ ಎನ್ನುತ್ತಾರೆ. ಅದು ಮಾಡುವ ಕೆಲಸ ಬೇರೆ: ಕರುಳಿನ ಗೋಡೆಯಲ್ಲಿ ಗ್ಲೂಕೋಸ್ ಒಳಹೋಗುವಾಗ ಸೋಡಿಯಂ ಅದರ ಕೈಹಿಡಿದು ಹೋಗುತ್ತದೆ, ನೀರು ಹಿಂಬಾಲಿಸುತ್ತದೆ. ಆ ಬಾಗಿಲು ಕಾಲರಾದಲ್ಲೂ ಮುಚ್ಚುವುದಿಲ್ಲ. ಎರಡೂ ಸರಿಯಾದ ಪ್ರಮಾಣದಲ್ಲಿರಬೇಕು, ಅಷ್ಟೆ. ಸಕ್ಕರೆ ಹೆಚ್ಚಾದರೆ ಅದೇ ಕರುಳಿಗೆ ನೀರೆಳೆದು ಭೇದಿ ಹೆಚ್ಚಿಸುತ್ತದೆ. 2002ರಿಂದ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಅಳತೆ ಲೀಟರಿಗೆ ಉಪ್ಪು 2.6 ಗ್ರಾಂ, ಗ್ಲೂಕೋಸ್ 13.5, ಪೊಟ್ಯಾಸಿಯಂ ಕ್ಲೋರೈಡ್ 1.5, ಟ್ರೈಸೋಡಿಯಂ ಸಿಟ್ರೇಟ್ 2.9, ಒಟ್ಟು 20.5 ಗ್ರಾಂ.

ನಮ್ಮ ಮನೆಗಳಲ್ಲಿ ಎಡವುವುದು ಇಲ್ಲೇ. ಲೀಟರಿನ ಪೊಟ್ಟಣವನ್ನು ಒಂದು ಲೋಟ (200 ಮಿ.ಲೀ.) ನೀರಿಗೆ ಸುರಿಯುತ್ತಾರೆ. ಲೀಟರಿಗೆ 75 ಮಿಲಿಮೋಲ್ ಇರಬೇಕಾದ ಸೋಡಿಯಂ ಆಗ 375ಕ್ಕೆ ಹೋಗುತ್ತದೆ; ರಕ್ತದಲ್ಲಿರುವುದು 140ರ ಆಸುಪಾಸು. ಇಲ್ಲವೆ ಪುಡಿಯನ್ನು ಕಾಲುಭಾಗ ಮಾಡಿ ನಾಲ್ಕು ಸಲ ಕಲಸುತ್ತಾರೆ. ಪೊಟ್ಟಣದೊಳಗೆ ಉಪ್ಪಿನ ಹರಳು, ಸಕ್ಕರೆಯ ಪುಡಿ ಸಮವಾಗಿ ಬೆರೆತಿರುವುದಿಲ್ಲ, ಒಂದು ಲೋಟ ಉಪ್ಪಾದರೆ ಇನ್ನೊಂದು ಸಿಹಿ. ಹಾಲಿಗೋ ಜ್ಯೂಸಿಗೋ ಹಾಕುವುದು, ಕಲಸಿದ ಮೇಲೆ ಕುದಿಸುವುದು, ನಿನ್ನೆಯದನ್ನು ಇವತ್ತು ಕೊಡುವುದು ಇವೂ ಉಂಟು. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಇಡೀ ಪೊಟ್ಟಣ ಹಾಕಿ, 24 ಗಂಟೆಯಲ್ಲಿ ಮುಗಿಸಿ, ಉಳಿದರೆ ಚೆಲ್ಲಬೇಕು. ಪ್ರತಿ ಭೇದಿಯ ನಂತರ ಎರಡು ವರ್ಷದೊಳಗಿನ ಮಗುವಿಗೆ 50ರಿಂದ 100 ಮಿ.ಲೀ., ಅದಕ್ಕಿಂತ ದೊಡ್ಡ ಮಕ್ಕಳಿಗೆ 100ರಿಂದ 200 ಮಿ.ಲೀ., ಚಮಚದಲ್ಲಿ ನಿಧಾನವಾಗಿ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ. ಎದೆಹಾಲು, ಗಂಜಿ ನಿಲ್ಲಿಸಬಾರದು. ಕಣ್ಣು ಗುಳಿಬಿದ್ದು ಮಗು ಮಂಕಾಗಿದ್ದರೆ, ಕುಡಿಯಲಾರದಿದ್ದರೆ, ಮಲದಲ್ಲಿ ರಕ್ತ ಕಂಡರೆ ಮನೆಯಲ್ಲಿ ಕಾಯಬಾರದು. ಬಾಂಗ್ಲಾದೇಶದಲ್ಲಿ ಅಂಗಡಿಗಳಲ್ಲಿ ಮಾರುವ ಪೊಟ್ಟಣ ಅರ್ಧ ಲೀಟರಿನದು, 10.25 ಗ್ರಾಂ, ಹಳೆಯ ಅರ್ಧ ಸೇರಿನ ಕೈಗೆ ಅದು ಹೊಸದೇನೂ ಅಲ್ಲ. ನಮ್ಮಲ್ಲಿ ಲೀಟರಿನದೂ ಲೋಟದ್ದೂ ಎರಡೂ ಒಂದೇ ಅಂಗಡಿಯಲ್ಲಿ, ಹೆಚ್ಚುಕಡಿಮೆ ಒಂದೇ ಬಣ್ಣದಲ್ಲಿ ಸಿಗುತ್ತವೆ.

ಇನ್ನು ‘ಓಆರ್‌ಎಸ್’ ಎಂಬ ಹೆಸರು ಹೊತ್ತು ಟೆಟ್ರಾ ಪ್ಯಾಕಿನಲ್ಲಿ ಬರುತ್ತಿದ್ದ ಸಿಹಿ ಪಾನೀಯಗಳ ಮಾತು. ಆ ಹೆಸರನ್ನು ತೆಗೆಸಲು ಹೈದರಾಬಾದಿನ ಮಕ್ಕಳ ವೈದ್ಯೆಯೊಬ್ಬರು ವರ್ಷಗಟ್ಟಲೆ ಹೋರಾಡಬೇಕಾಯಿತು; ಆಹಾರ ಸುರಕ್ಷತಾ ಪ್ರಾಧಿಕಾರ ಹಿಂದೆ ತಾನೇ ಕೊಟ್ಟಿದ್ದ ಸಡಿಲಿಕೆಯನ್ನು ಹಿಂಪಡೆದದ್ದು 2025ರ ಅಕ್ಟೋಬರಿನಲ್ಲಿ. ಮಾರಾಟಗಾರಿಕೆಯ ಸೃಜನಶೀಲತೆಯಲ್ಲಿ ನಾವೇ ಮುಂದೆ, ಅನುಮಾನವಿಲ್ಲ.

ಭಾರತವನ್ನು ಹಳಿಯುವುದಕ್ಕಾಗಿ ಈ ಪತ್ರವಲ್ಲ. ಪ್ರಯೋಗಾಲಯ, ಕಾರ್ಖಾನೆ, ಲಸಿಕೆಯನ್ನು ತಣ್ಣಗಿಟ್ಟು ಸಾಗಿಸುವ ಶೀತಲ ಸರಪಳಿ ಬೇಕಾದಲ್ಲಿ ನಮ್ಮ ಕೈ ದೊಡ್ಡದು. ದೆಹಲಿಯ ಏಮ್ಸ್‌ನಲ್ಲಿ ನವಜಾತ ಶಿಶುಗಳಲ್ಲಿ ಸಿಕ್ಕ 116ಇ ಎಂಬ ವೈರಸ್ ತಳಿಯಿಂದ ಹೈದರಾಬಾದಿನಲ್ಲಿ ತಯಾರಾದ, ಮಕ್ಕಳಲ್ಲಿ ಭೇದಿ ತರುವ ರೋಟಾವೈರಸ್ ವಿರುದ್ಧದ ಲಸಿಕೆ 2016ರಿಂದ ನಮ್ಮ ಸಾರ್ವತ್ರಿಕ ಲಸಿಕೆ ಕಾರ್ಯಕ್ರಮದಲ್ಲಿದೆ; ಆರು, ಹತ್ತು, ಹದಿನಾಲ್ಕನೇ ವಾರ ಐದೈದು ಹನಿ. ಅಂಥದ್ದು ಢಾಕಾದಿಂದ ಬಂದಿಲ್ಲ.

ಢಾಕಾದಿಂದ ಬಂದದ್ದು ಶಾಂಪೂ ಬಾಟಲಿ. ತೀವ್ರ ನ್ಯುಮೋನಿಯಾದ ಮಗುವಿನ ಮೂಗಿಗೆ ಆಮ್ಲಜನಕದ ಕೊಳವೆ. ಉಸಿರು ಹೊರಬರುವ ಕೊಳವೆಯ ತುದಿಯನ್ನು ನೀರು ತುಂಬಿದ ಖಾಲಿ ಶಾಂಪೂ ಬಾಟಲಿಯಲ್ಲಿ ಮುಳುಗಿಸುವುದು. ತುದಿ ಐದು ಸೆಂ.ಮೀ. ಆಳದಲ್ಲಿದ್ದರೆ ಶ್ವಾಸಕೋಶದಲ್ಲಿ ಅಷ್ಟೇ ನೀರಿನ ಒತ್ತಡ ಉಳಿದು ಗಾಳಿಗೂಡುಗಳು ಮುಚ್ಚಿಕೊಳ್ಳುವುದಿಲ್ಲ. ಅದೇ ಕಾಲರಾ ಪ್ರಯೋಗಾಲಯದಿಂದ ಬೆಳೆದ ಐಸಿಡಿಡಿಆರ್,ಬಿ ಆಸ್ಪತ್ರೆಯ ಮೊಹಮ್ಮದ್ ಜುಬೈರ್ ಚಿಶ್ತಿ ತಂಡ 225 ಮಕ್ಕಳಲ್ಲಿ ಪರೀಕ್ಷಿಸಿ 2015ರಲ್ಲಿ ವರದಿ ಮಾಡಿತು: ಮಾಮೂಲಿ ಆಮ್ಲಜನಕ ಪಡೆದವರಲ್ಲಿ ಸಾವು ನೂರಕ್ಕೆ 15, ಬಾಟಲಿಯವರಲ್ಲಿ 4. ಅಗ್ಗದ ಬಾಟಲಿ ಎಂದು ಕೇಳಿದವರೆಲ್ಲ ಚಪ್ಪಾಳೆ ತಟ್ಟಿದರು. ಆದರೆ ಗುಳ್ಳೆಯ ಮೂಲಕ ಒತ್ತಡ ಕೊಡುವ ಇಂಥದೇ ವಿಧಾನವನ್ನು ಮಲಾವಿ ದೇಶದ ಜಿಲ್ಲಾಸ್ಪತ್ರೆಯೊಂದರಲ್ಲಿ, ವೈದ್ಯರ ದಿನನಿತ್ಯದ ನಿಗಾ ಇಲ್ಲದೆ ಬಳಸಿದಾಗ ಸಾವು ಇಳಿಯಲಿಲ್ಲ, 11ರಿಂದ 17ಕ್ಕೆ ಏರಿತು. ಬಾಟಲಿ ಕಾಣಿಸುತ್ತದೆ, ಗುಳ್ಳೆ ಏಳುತ್ತಿದೆಯೇ, ಮೂಗು ಕಟ್ಟಿದೆಯೇ, ಹೊಟ್ಟೆ ಉಬ್ಬಿದೆಯೇ ಎಂದು ಗಂಟೆಗಂಟೆಗೂ ನೋಡುವ ದಾದಿ ಯಾವ ಫೋಟೊದಲ್ಲೂ ಕಾಣಿಸುವುದಿಲ್ಲ.

ನಮ್ಮ ಕರುಳುಬೇನೆಯ ಕಾರ್ಯಕ್ರಮದಲ್ಲೂ ಕಾಣಿಸದಿರುವುದು ಅದೇ. ಪ್ರತಿ ಮಳೆಗಾಲದ ಭೇದಿ ನಿಯಂತ್ರಣ ಅಭಿಯಾನದಲ್ಲಿ ಆಶಾ ಕಾರ್ಯಕರ್ತೆಯರು ಐದು ವರ್ಷದೊಳಗಿನ ಮಕ್ಕಳಿರುವ ಮನೆಗೆ ಪೊಟ್ಟಣ, ಜಿಂಕ್ ಮಾತ್ರೆ ತಲುಪಿಸುತ್ತಾರೆ. ಇದಕ್ಕೆ ರಾಷ್ಟ್ರೀಯ ಆರೋಗ್ಯ ಅಭಿಯಾನ ಗೊತ್ತುಮಾಡಿದ ಪ್ರೋತ್ಸಾಹಧನ ಪೊಟ್ಟಣಕ್ಕೆ ಒಂದು ರೂಪಾಯಿ. ಹಂಚಿದ್ದಕ್ಕೆ ಹಣ, ಕಲಿಸಿದ್ದಕ್ಕಲ್ಲ. ಪೊಟ್ಟಣ ಕಪಾಟಿನ ಮೇಲೆ ಕುಳಿತು ಗಟ್ಟಿಯಾದರೂ ವರದಿಯಲ್ಲಿ ಗುರಿ ನೂರಕ್ಕೆ ನೂರು. ಒಂದು ತಾಲ್ಲೂಕಿನಲ್ಲಾದರೂ ಆರೋಗ್ಯ ಇಲಾಖೆ ಬೇರೆ ರೀತಿ ಮಾಡಿ ನೋಡಲಿ: ಕಾರ್ಯಕರ್ತೆಗೆ ಅದೇ ರೂಪಾಯಿಯನ್ನು ಹಾಗೇ ಬಿಟ್ಟು, ತಿಂಗಳ ನಂತರ ನೂರರಲ್ಲಿ ಹತ್ತು ಮನೆಗೆ ಬೇರೊಬ್ಬರು ಹೋಗಿ ಮೂರು ಪ್ರಶ್ನೆ ಕೇಳಲಿ. ಎಷ್ಟು ನೀರಿಗೆ? ಎಷ್ಟು ಹೊತ್ತು ಇಡಬಹುದು? ಜಿಂಕ್ ಎಷ್ಟು ದಿನ? (ಹದಿನಾಲ್ಕು, ಭೇದಿ ನಿಂತ ಮೇಲೂ.) ಸರಿ ಹೇಳಿದ ಪ್ರತಿ ಮನೆಗೂ ಕಾರ್ಯಕರ್ತೆಗೆ ಹೆಚ್ಚುವರಿ ಹಣ ಸಿಗಲಿ. ಪೊಟ್ಟಣದ ಮೇಲೆ ಲೀಟರ್ ಬಾಟಲಿಯ ಚಿತ್ರ ದೊಡ್ಡದಾಗಿ, ಕನ್ನಡದಲ್ಲಿ ಎರಡೇ ಸಾಲು ಬರಲಿ. ಇದಕ್ಕೆ ಪೇಟೆಂಟ್ ಬೇಕಿಲ್ಲ, ಢಾಕಾದವರ ಅನುಮತಿಯೂ ಬೇಕಿಲ್ಲ.

ಇಂತಿ,
ಸಮುದಾಯ ಆರೋಗ್ಯ ಕ್ಷೇತ್ರದ ಓದುಗರು, ಧಾರವಾಡ