26 ಅಂಕಿಯ ಆ ಉತ್ತರವನ್ನೂ ಸ್ವಲ್ಪ ನೋಡಿ

ಮಾನ್ಯ ಸಂಪಾದಕರೇ,

ಬೆಂಗಳೂರಿನಲ್ಲಿ ಹುಟ್ಟಿದ ಶಕುಂತಲಾ ದೇವಿಯವರ ಬಗ್ಗೆ ಬರೆಯುವಾಗ ಎಲ್ಲರೂ ಹೇಳುವುದು 28 ಸೆಕೆಂಡಿನ ಮಾತು. 1980ರ ಜೂನ್ 18ರಂದು ಲಂಡನ್‌ನ ಇಂಪೀರಿಯಲ್ ಕಾಲೇಜಿನಲ್ಲಿ 7686369774870 ಮತ್ತು 2465099745779 ಇವೆರಡನ್ನು ಮನಸ್ಸಿನಲ್ಲೇ ಗುಣಿಸಿ ಅವರು ಕೊಟ್ಟ ಉತ್ತರ 18947668177995426462773730. ವೇಗ ದೊಡ್ಡದೇ, ಇಲ್ಲ ಅನ್ನಲ್ಲ. ಆದರೆ ಮಕ್ಕಳು ಈ ಸಂಖ್ಯೆಯನ್ನು ಕೈಯಲ್ಲಿ ಹಿಡಿದು ನೋಡಬೇಕು ಅನ್ನುವುದು ನನ್ನ ಆಸೆ.

ಮೊದಲನೆಯದರ ಅಂಕಿಗಳನ್ನು ಕೂಡಿ. 78 ಬರುತ್ತೆ, ಮತ್ತೆ ಕೂಡಿದರೆ 15, ಆಮೇಲೆ 6. ಎರಡನೆಯದು 74, 11, ಕೊನೆಗೆ 2. ಆರೆರಡ್ಲ ಹನ್ನೆರಡು, ಅಂದರೆ 3. ಈಗ ಉತ್ತರದ 26 ಅಂಕಿ ಕೂಡಿ: 138, 12, 3. ತಾಳೆಯಾಯ್ತು ಅಲ್ವಾ! ಹೀಗೆ ಕೊನೆಗೆ ಉಳಿಯುವುದು 9ರಿಂದ ಭಾಗಿಸಿದಾಗ ಬರುವ ಶೇಷ (9 ಉಳಿದರೆ ಶೇಷ 0), ಅದಕ್ಕೇ ಈ ಲೆಕ್ಕ ನಡೆಯುತ್ತದೆ. ಹಾಗಾಗಿ ಆ ದೈತ್ಯ ಸಂಖ್ಯೆ 3ರಿಂದ ಭಾಗವಾಗುತ್ತದೆ, 9ರಿಂದ ಆಗುವುದಿಲ್ಲ ಅಂತ ಭಾಗಾಕಾರ ಮಾಡದೆಯೇ ಗೊತ್ತಾಗುತ್ತದೆ. ಕೊನೆಯ 30 ನೋಡಿದರೆ ಸಾಕು, 10ರಿಂದ ಭಾಗವಾಗುತ್ತದೆ, 4ರಿಂದ ಇಲ್ಲ. ಒಂದು ಮಾತು: ಎರಡು ಅಂಕಿ ಅದಲುಬದಲಾದರೆ ಈ ತಾಳೆಗೆ ಸಿಗುವುದಿಲ್ಲ, ಮೊತ್ತ ಅಷ್ಟೇ ಇರುತ್ತಲ್ಲ.

ಡಿಸೆಂಬರ್ 22ರ ಗಣಿತ ದಿನಕ್ಕೆ ನಿಮ್ಮ ಮಕ್ಕಳ ಪುಟದಲ್ಲಿ ಈ ಮೂರು ಸಂಖ್ಯೆಗಳನ್ನು ದಪ್ಪಕ್ಷರದಲ್ಲಿ ಹಾಕಿ, ಪಕ್ಕದಲ್ಲಿ ಲೆಕ್ಕ ಮಾಡಲು ಖಾಲಿ ಜಾಗ ಬಿಡಿ.

– ನಿವೃತ್ತ ಗಣಿತ ಶಿಕ್ಷಕಿ, ತುಮಕೂರು